ಹನ್ನೊಂದೂವರೆಯಾದರೂ ಮಗಳು ಮಲಗಲ್ಲ, ಏನು ಮಾಡಲಿ ಡಾಕ್ಟ್ರೇ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮಧ್ಯಾಹ್ನ ನಮ್ಮತ್ತೆ ನೋಡಿಕೊಳ್ಳುತ್ತಾರೆ. ಒಂದು ಗಂಟೆಗೆ ಸ್ಕೂಲಿಂದ ಬಂದು, ಊಟ ಮಾಡಿ, ಟಿವಿ ನೋಡಿ, ಮೂರೂವರೆಗೆ ಮಲಗಿದರೆ ಆರಕ್ಕೆ ಏಳುತ್ತಾಳೆ. ರಾತ್ರಿ ಒಂಬತ್ತಕ್ಕೇ ಹಾಸಿಗೆಗೆ ಕರೆದುಕೊಂಡು ಹೋದರೂ ಹನ್ನೊಂದೂವರೆವರೆಗೆ ಹೊರಳಾಡುತ್ತಾಳೆ. ನೀರು ಬೇಕು, ಸುಸು ಬಂತು, ಇನ್ನೊಂದು ಕಥೆ ಹೇಳು ಅಂತಾಳೆ. ಬೆಳಿಗ್ಗೆ ಏಳಕ್ಕೆ ಎಬ್ಬಿಸಿದರೆ ದಿನಾ ಅಳು. ಮಧ್ಯರಾತ್ರಿ ಎಚ್ಚರವಾದರೆ ನನ್ನನ್ನು ಹುಡುಕುತ್ತಾಳೆ. ವಾರಕ್ಕೆ ಒಂದೆರಡು ಸಲ ಒಂದು ಗಂಟೆ ಹೊತ್ತಿಗೆ ಕಿಟಾರನೆ ಕಿರುಚಿ ಎದ್ದು ಕೂರುತ್ತಾಳೆ, ಆಗ ನಮ್ಮ ಗುರುತೇ ಸಿಗುವುದಿಲ್ಲ. ಅತ್ತೆ ದೃಷ್ಟಿಯಾಗಿದೆ ಅಂತಾರೆ. ನಿದ್ದೆಗೆ ಏನಾದರೂ ಸಿರಪ್ ಇದೆಯಾ? ನಾನು ಕೆಲಸಕ್ಕೆ ಹೋಗುವುದರಿಂದ ಹೀಗಾಗುತ್ತಿದೆಯಾ?

ಉತ್ತರ: ಕೊನೆಗೆ ಕೇಳಿದ್ದಕ್ಕೆ ಮೊದಲು ಹೇಳಿಬಿಡುತ್ತೇನೆ. ನೀವು ಕೆಲಸಕ್ಕೆ ಹೋಗುವುದರಿಂದ ಹೀಗಾಗುತ್ತಿಲ್ಲ. ಇಡೀ ದಿನ ಮನೆಯಲ್ಲೇ ಇರುವ ತಾಯಂದಿರೂ ಇದೇ ದೂರು ಹೊತ್ತು ನನ್ನ ಹತ್ತಿರ ಬರುತ್ತಾರೆ. ಅವರೂ ತಮ್ಮದೇ ಏನೋ ತಪ್ಪು ಅಂತ ಕಣ್ಣೊರೆಸಿಕೊಳ್ಳುತ್ತಾರೆ. ಸಿರಪ್ಪಿನ ಮಾತು ಆಮೇಲೆ. ಈಗ ನೀವೇ ಬರೆದ ಗಂಟೆಗಳನ್ನು ಒಂದು ಚೀಟಿಯಲ್ಲಿ ಕೂಡಿಸಿ ನೋಡೋಣ.

ರಾತ್ರಿ ಹನ್ನೊಂದೂವರೆಯಿಂದ ಬೆಳಿಗ್ಗೆ ಏಳರವರೆಗೆ ಏಳೂವರೆ ಗಂಟೆ. ಮಧ್ಯಾಹ್ನ ಮೂರೂವರೆಯಿಂದ ಆರರವರೆಗೆ ಎರಡೂವರೆ ಗಂಟೆ. ಒಟ್ಟು ಹತ್ತು. 3ರಿಂದ 5 ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ಬೇಕು ಅಂತ ಅಮೆರಿಕದ ನಿದ್ರಾ ತಜ್ಞರ ಸಂಘ 2016ರಲ್ಲಿ ಹೇಳಿದೆ. ನಾವೂ ಅದನ್ನೇ ಪಾಲಿಸುತ್ತೇವೆ. ಹಾಗಾಗಿ ನಿಮ್ಮ ಮಗಳು ಅಂಚಿನಲ್ಲಿದ್ದಾಳೆ, ಆದರೆ ನಿದ್ದೆಯೇ ಬಾರದ ಮಗು ಅಲ್ಲ. ನಿದ್ದೆ ಬರುತ್ತಿದೆ. ಅದರ ಕಾಲು ಭಾಗ ಸಂಜೆ ಹೊತ್ತಿಗೆ ಬರುತ್ತಿದೆ, ಅಷ್ಟೇ.

ನಿದ್ದೆಯೂ ಹಸಿವಿನ ಹಾಗೆ. ಎದ್ದಿದ್ದಷ್ಟು ಹೊತ್ತೂ ಒಳಗೆ ಕೂಡುತ್ತಾ ಹೋಗುತ್ತದೆ, ಮಲಗಿದರೆ ತೀರುತ್ತದೆ. ಆರು ಗಂಟೆಗೆ ಎರಡು ಮಸಾಲೆ ದೋಸೆ ತಿಂದ ಮಗು ಒಂಬತ್ತಕ್ಕೆ ಅನ್ನದ ತಟ್ಟೆ ತಳ್ಳಿದರೆ ನಾವು ಡಾಕ್ಟರ ಹತ್ತಿರ ಓಡುವುದಿಲ್ಲ ಅಲ್ವಾ? ಆರರವರೆಗೆ ಮಲಗಿದ ಮಗುವಿಗೆ ಒಂಬತ್ತಕ್ಕೆ ನಿದ್ದೆ ಬರಲಿ ಅಂದರೂ ಅಷ್ಟೇ. ಆ ವಯಸ್ಸಿಗೆ ನಿದ್ದೆಯ ಹಸಿವು ಮತ್ತೆ ಕೂಡಲು ಐದಾರು ಗಂಟೆ ಬೇಕು. ಆರಕ್ಕೆ ಐದೂವರೆ ಸೇರಿಸಿ. ಹನ್ನೊಂದೂವರೆ! ನಿಮ್ಮ ಮಗಳು ಹಟ ಮಾಡುತ್ತಿಲ್ಲ, ಅವಳ ಮೈ ಲೆಕ್ಕ ತಪ್ಪದೆ ನಡೆದುಕೊಳ್ಳುತ್ತಿದೆ.

ಇದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತದೆ, ಅದು ಮೈಯ ಒಳಗಿನ ಗಡಿಯಾರ. ಬೆಳಿಗ್ಗೆ ಕಣ್ಣಿಗೆ ಬೀಳುವ ಬಿಸಿಲಿನಿಂದ ಅದು ಹೊತ್ತು ಹೊಂದಿಸಿಕೊಳ್ಳುತ್ತದೆ, ಕತ್ತಲಾದ ಮೇಲೆ ಮೈಯನ್ನು ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಅನ್ನುವ ಹಾರ್ಮೋನ್ ಬಿಡಿಸುತ್ತದೆ. ನಿದ್ದೆಯ ಹಸಿವು ಮತ್ತು ಈ ಗಡಿಯಾರ, ಎರಡೂ ಒಟ್ಟಿಗೆ ಕೂಡಿದಾಗಲೇ ನಿದ್ದೆ ಅಂತ ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ವಿವರಿಸಿದರು. ಈ ಗಡಿಯಾರಕ್ಕೆ ಒಂದು ವಿಚಿತ್ರ ಗುಣ ಇದೆ. ನಿದ್ದೆ ಬರುವ ಒಂದೆರಡು ಗಂಟೆ ಮುಂಚೆ ಅದು ಮೈಯನ್ನು ಇನ್ನೂ ಜೋರಾಗಿ ಎಚ್ಚರ ಇಡುತ್ತದೆ. ಇಸ್ರೇಲಿನ ವಿಜ್ಞಾನಿ ಪೆರೆಟ್ಜ್ ಲವಿ ಇದನ್ನು ನಿದ್ದೆಗೆ ನಿಷೇಧದ ಹೊತ್ತು ಅಂತ ಕರೆದರು. ಮಲಗುವ ಮುಂಚೆ ಮಕ್ಕಳು ಸೋಫಾ ಹತ್ತಿ ಕುಣಿಯುವುದು, ಕಾರಣವಿಲ್ಲದೆ ಕೇಕೆ ಹಾಕಿ ನಗುವುದು ಈ ಹೊತ್ತಿನಲ್ಲೇ. ಹನ್ನೊಂದೂವರೆಗೆ ಮಲಗುವ ಮಗುವಿಗೆ ಈ ಹೊತ್ತು ಒಂಬತ್ತೂವರೆ, ಹತ್ತಕ್ಕೆ ಬರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನೀವು ಲೈಟ್ ಆರಿಸಿ ಮಲಗು ಮಲಗು ಅನ್ನುತ್ತಿದ್ದೀರಿ. ಮಲಗಲು ಆಗದ ಮಗು ಕತ್ತಲಲ್ಲಿ ಎರಡೂವರೆ ಗಂಟೆ ಇನ್ನೇನು ಮಾಡಬೇಕು? ನೀರು ಕೇಳುತ್ತದೆ.

ದಿನಾ ಎರಡೂವರೆ ಗಂಟೆ ಹಾಸಿಗೆಯಲ್ಲಿ ಜಗಳವಾದರೆ ಆಗುವ ಕೆಟ್ಟದ್ದು ಇನ್ನೊಂದಿದೆ. ಹಾಸಿಗೆ ಕಂಡರೇ ಆ ಮಗುವಿಗೆ ಜಗಳ ನೆನಪಾಗುತ್ತದೆ. ಆಮೇಲೆ ನಿಜವಾಗಿ ತೂಕಡಿಕೆ ಬಂದ ದಿನವೂ ರಚ್ಚೆ ಹಿಡಿಯುತ್ತದೆ.

ಅದಕ್ಕೇ ನಾನು ಎಲ್ಲ ಅಪ್ಪ ಅಮ್ಮಂದಿರಿಗೂ ಹೇಳುವುದು ಒಂದೇ ಮಾತು. ರಾತ್ರಿಯನ್ನು ರಾತ್ರಿ ಸರಿ ಮಾಡಲು ಆಗುವುದಿಲ್ಲ. ಬೆಳಿಗ್ಗೆಯಿಂದ ಶುರು ಮಾಡಬೇಕು. ನಿಮ್ಮ ಮನೆಗೆ ಅದು ಹೇಗೆ ಹೊಂದುತ್ತದೆ ಅಂತ ಹೇಳುತ್ತೇನೆ.

ಏಳುವ ಹೊತ್ತನ್ನು ಗಟ್ಟಿ ಹಿಡಿಯಿರಿ. ಆರೂಮುಕ್ಕಾಲು ಅಂದರೆ ಆರೂಮುಕ್ಕಾಲು, ಭಾನುವಾರವೂ. ರಜಾ ದಿನ ಪಾಪ ಮಲಗಲಿ ಅಂತ ಒಂಬತ್ತೂವರೆವರೆಗೆ ಬಿಟ್ಟರೆ ಭಾನುವಾರ ರಾತ್ರಿ ಹನ್ನೆರಡಾಗುತ್ತದೆ, ಸೋಮವಾರ ಬೆಳಿಗ್ಗೆ ಮನೆ ರಣರಂಗ. ಎದ್ದ ಕೂಡಲೇ ಬಾಲ್ಕನಿಗೋ ಮಹಡಿಗೋ ಕರೆದುಕೊಂಡು ಹೋಗಿ. ತುಳಸಿಗೆ ನೀರು ಹಾಕಲಿ, ಹಾಲಿನ ಪ್ಯಾಕೆಟ್ ತರಲಿ. ಹತ್ತು ಹದಿನೈದು ನಿಮಿಷ ಬಯಲ ಬೆಳಕು ಕಣ್ಣಿಗೆ ಬಿದ್ದರೆ ಸಾಕು. ಮೋಡ ಕವಿದಿದ್ದರೂ ಹೊರಗಿನ ಬೆಳಕು ನಮ್ಮ ಹಾಲಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಮಧ್ಯಾಹ್ನದ ನಿದ್ದೆ ಬೇಡ ಅಂತ ನಾನು ಹೇಳುತ್ತಿಲ್ಲ. ನಾಲ್ಕೂವರೆಗೆ ಕೆಲವು ಮಕ್ಕಳಿಗೆ ಇನ್ನೂ ಬೇಕಾಗುತ್ತದೆ, ಕೆಲವರಿಗೆ ಬೇಕಾಗುವುದಿಲ್ಲ. ನಿಮ್ಮ ಮಗಳಿಗೆ ಸದ್ಯ ಇರಲಿ, ಆದರೆ ಜಾಗ ಬದಲಾಗಲಿ. ಊಟವಾದ ಮೇಲೆ ಟಿವಿ ಇಲ್ಲದೆ ನೇರ ಚಾಪೆಗೆ. ಎರಡಕ್ಕೆ ಮಲಗಿದರೆ ಮೂರಕ್ಕೆ ಎಬ್ಬಿಸಿ. ಇಲ್ಲಿ ನಿಮ್ಮತ್ತೆಯವರ ಜೊತೆ ಸಮಾಧಾನವಾಗಿ ಕೂತು ಮಾತಾಡಬೇಕು. ಬೆಳಿಗ್ಗೆಯಿಂದ ದುಡಿದ ಆ ಹಿರಿಯರಿಗೆ ಕಾಲು ಚಾಚಲು ಸಿಗುವುದು ಮಗು ಮಲಗಿದ ಆ ಎರಡೂವರೆ ಗಂಟೆ ಮಾತ್ರ. ಅದರಲ್ಲಿ ಒಂದೂವರೆ ಗಂಟೆ ಕಿತ್ತುಕೊಳ್ಳುತ್ತಿದ್ದೇವೆ ಅನ್ನುವುದು ನೆನಪಿರಲಿ. ಅವರೂ ಎರಡಕ್ಕೇ ಮಗುವಿನ ಜೊತೆ ಮಲಗಲಿ. ಸಂಜೆ ಐದಕ್ಕೆ ಪಕ್ಕದ ಮನೆ ಮಕ್ಕಳ ಜೊತೆ ಮಗು ಬೀದಿಯಲ್ಲೋ ಪಾರ್ಕಿನಲ್ಲೋ ಓಡಾಡುವ ಹಾಗೆ ನೀವು ಏರ್ಪಾಟು ಮಾಡಿಕೊಟ್ಟರೆ ಅಜ್ಜಿಗೂ ಉಸಿರಾಡಲು ಬಿಡುವು. ಮೊದಲ ಒಂದು ವಾರ ನಾಲ್ಕರಿಂದ ಆರು ಗಂಟೆ ಕಷ್ಟದ ಹೊತ್ತು. ಮಗು ಸಿಡಿಮಿಡಿ ಅನ್ನುತ್ತದೆ, ಟಿವಿ ಮುಂದೆ ಕೂತರೆ ಅಲ್ಲೇ ಜೊಂಪು ಹತ್ತುತ್ತದೆ. ಸಂಜೆ ಆರಕ್ಕೆ ಹತ್ತು ನಿಮಿಷದ ತೂಕಡಿಕೆಯೂ ರಾತ್ರಿಯ ನಿದ್ದೆಯಿಂದ ಒಂದು ಗಂಟೆ ತಿಂದುಬಿಡಬಹುದು.

ಈಗ ರಾತ್ರಿ. ಒಂಬತ್ತಕ್ಕೆ ಹಾಸಿಗೆಗೆ ಹೋಗುವುದನ್ನು ಸದ್ಯಕ್ಕೆ ನಿಲ್ಲಿಸಿ. ಹೌದು, ನಿಲ್ಲಿಸಿ. ಅವಳಿಗೆ ನಿಜವಾಗಿ ನಿದ್ದೆ ಬರುವ ಹೊತ್ತಿನ ಹತ್ತಿರ, ಹನ್ನೊಂದೂಕಾಲಿಗೆ ಮಲಗಿಸಿ. ಹತ್ತು ಹದಿನೈದು ನಿಮಿಷದಲ್ಲಿ ನಿದ್ದೆ ಹೋಗುತ್ತಾಳೆ, ಹಾಸಿಗೆಯ ಜೊತೆಗಿನ ಜಗಳ ಮುಗಿಯುತ್ತದೆ. ಆಮೇಲೆ ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ. ಹನ್ನೊಂದು, ಹತ್ತೂಮುಕ್ಕಾಲು, ಹತ್ತೂವರೆ. ಹೀಗೆ 24 ದಿನಕ್ಕೆ ಒಂಬತ್ತೂಕಾಲಿಗೆ ಬಂದು ನಿಲ್ಲುತ್ತದೆ. ಬೆಳಿಗ್ಗೆ ಏಳುವ ಹೊತ್ತು, ಮಧ್ಯಾಹ್ನದ ನಿದ್ದೆ ಎರಡನ್ನೂ ಗಟ್ಟಿ ಹಿಡಿದಿದ್ದರೆ ಕೆಲವು ಮಕ್ಕಳು ಇನ್ನೂ ಬೇಗ ಬರುತ್ತಾರೆ. ನಡುವೆ ಮದುವೆ, ಜ್ವರ, ಊರು ಅಂತ ತಪ್ಪಿದರೆ ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಶುರು ಮಾಡಿ, ಬೈದುಕೊಳ್ಳುವುದು ಬೇಡ.

ಮಲಗುವ ಒಂದು ಗಂಟೆ ಮುಂಚೆ ಮನೆಯ ದೊಡ್ಡ ಲೈಟುಗಳು ಆರಲಿ. ಅಡುಗೆಮನೆಯದು ಒಂದು ಉರಿಯಲಿ, ಹಾಲಿನಲ್ಲಿ ಮೂಲೆಯ ಹಳದಿ ಬಲ್ಬ್ ಸಾಕು. ಚಿಕ್ಕ ಮಕ್ಕಳ ಕಣ್ಣಿನ ಮಸೂರ ತುಂಬ ತಿಳಿ, ಬೆಳಕು ನಮಗಿಂತ ಜಾಸ್ತಿ ಒಳಗೆ ಹೋಗುತ್ತದೆ. ಕೊಲರಾಡೊ ವಿಶ್ವವಿದ್ಯಾಲಯದವರು 2018ರಲ್ಲಿ 3ರಿಂದ 5 ವರ್ಷದ ಮಕ್ಕಳನ್ನು ಮಲಗುವ ಮುಂಚೆ ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಆಡಲು ಬಿಟ್ಟು ನೋಡಿದರು. ಮೆಲಟೋನಿನ್ ಹೆಚ್ಚುಕಮ್ಮಿ 88 ಶೇಕಡ ಇಳಿದಿತ್ತು. ಬೆಳಕು ಆರಿಸಿ 50 ನಿಮಿಷವಾದರೂ ಹೆಚ್ಚಿನವರಲ್ಲಿ ಅದು ಚೇತರಿಸಿಕೊಂಡಿರಲಿಲ್ಲ. ನೋಡಿದ್ದು ಹತ್ತೇ ಮಕ್ಕಳನ್ನು, ಬೆಳಕೂ ನಮ್ಮ ಮನೆಗಳಿಗಿಂತ ಜಾಸ್ತಿ. ಆದರೂ ರಾತ್ರಿ ಹತ್ತಕ್ಕೆ ಝಗಝಗ ಬೆಳಗುವ ಹಾಲು, ಮೂಗಿನ ಹತ್ತಿರ ಹಿಡಿದ ಮೊಬೈಲು ಬೇಡ ಅಂತ ನಾನು ಹೇಳುವುದಕ್ಕೆ ಇದೇ ಕಾರಣ. ಮೊಬೈಲಿನಲ್ಲಿ ಬೆಳಕಿಗಿಂತ ಕೆಟ್ಟದ್ದು ಅದರೊಳಗಿನ ಗಲಾಟೆ. ಒಂದು ರೀಲ್ ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ, ಮಗುವಿನ ಮನಸ್ಸು ಇಳಿಯುವುದೇ ಇಲ್ಲ.

ಅಪ್ಪಂದಿರ ವಿಷಯ ನೀವು ಬರೆದಿಲ್ಲ, ಆದರೆ ನಾನು ಕೇಳುವ ಹತ್ತು ಮನೆಗಳಲ್ಲಿ ಏಳೆಂಟರಲ್ಲಿ ಇದೇ ಕಥೆ. ಟ್ರಾಫಿಕ್ ದಾಟಿ ಅಪ್ಪ ಬರುವುದು ಒಂಬತ್ತಕ್ಕೆ. ಗೇಟಿನ ಸದ್ದಿಗೇ ಮಗು ಹಾರಿ ಬಾಗಿಲಿಗೆ ಹೋಗುತ್ತದೆ. ದಿನವೆಲ್ಲ ಕಾದ ಮಗು ಅದು, ಮಲಗು ಅಂದರೆ ಹೇಗೆ ಮಲಗೀತು? ಅಪ್ಪ ಬರುವ ಮುಂಚೆ ಮಲಗಿಸಿಬಿಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಮೇಲಕ್ಕೆ ಎಸೆದು ಹಿಡಿಯುವ ಆಟ ಬೆಳಿಗ್ಗೆಗೆ ಇರಲಿ. ಸ್ನಾನ ಮಾಡಿಸಿ ಸ್ಕೂಲ್ ವ್ಯಾನಿಗೆ ಬಿಡುವ ಕೆಲಸ ಅವರದಾಗಲಿ. ರಾತ್ರಿ ಮಂದ ಬೆಳಕಿನಲ್ಲಿ ಕಥೆ ಅವರು ಹೇಳಲಿ. ಒಂದೇ ಕಥೆ, ದಿನಾ ಅದೇ ಆದರೂ ಪರವಾಗಿಲ್ಲ. ಮುಂದೇನು ಅಂತ ಗೊತ್ತಿರುವ ಕಥೆಗೇ ಮಕ್ಕಳಿಗೆ ಬೇಗ ಕಣ್ಣು ಎಳೆಯುವುದು. ಗುಮ್ಮ ಬರುತ್ತಾನೆ, ಪೊಲೀಸಿಗೆ ಹಿಡಿದುಕೊಡುತ್ತೇನೆ, ಡಾಕ್ಟರು ಇಂಜೆಕ್ಷನ್ ಚುಚ್ಚುತ್ತಾರೆ ಅನ್ನುವುದನ್ನು ಮಾತ್ರ ದಯವಿಟ್ಟು ಬಿಡಿ. ಹೆದರಿದ ಮಗು ಕಣ್ಣು ಮುಚ್ಚಿರುತ್ತದೆ, ಮಲಗಿರುವುದಿಲ್ಲ.

ಮಧ್ಯರಾತ್ರಿ ನಿಮ್ಮನ್ನು ಹುಡುಕುವ ವಿಷಯಕ್ಕೆ ಬರುತ್ತೇನೆ. ನಿದ್ದೆ ಒಂದೇ ಪಟ್ಟಿನಲ್ಲಿ ನಡೆಯುವುದಿಲ್ಲ, ಸುತ್ತು ಸುತ್ತಾಗಿ ಬರುತ್ತದೆ. ಇದು ಗೊತ್ತಾಗಿದ್ದರಲ್ಲಿ ಒಬ್ಬ ಹುಡುಗನ ಪಾಲಿದೆ. 1951ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಯೂಜೀನ್ ಅಸೆರಿನ್‌ಸ್ಕಿ ತಮ್ಮ ಎಂಟು ವರ್ಷದ ಮಗ ಆರ್ಮಂಡ್‌ನ ಕಣ್ಣಿನ ಸುತ್ತ, ತಲೆಗೆ ತಂತಿ ಅಂಟಿಸಿ ರಾತ್ರಿಯೆಲ್ಲ ನೋಡಿದರು. ಮಲಗಿರುವ ಹುಡುಗನ ಕಣ್ಣುಗಳು ರೆಪ್ಪೆಯೊಳಗೆ ಆಗಾಗ ಸರಸರ ಓಡುತ್ತಿದ್ದವು. ಆ ಹೊತ್ತು ಕನಸಿನದು ಅಂತ ಆಮೇಲೆ ತಿಳಿಯಿತು. ಕೂಸುಗಳಲ್ಲಿ ಒಂದು ಸುತ್ತು ಸುಮಾರು 50 ನಿಮಿಷ, ದೊಡ್ಡವರಲ್ಲಿ ಸುಮಾರು 90 ನಿಮಿಷ. ಸುತ್ತು ಮುಗಿದಾಗ ಎಲ್ಲರಿಗೂ ಅರೆ ಎಚ್ಚರವಾಗುತ್ತದೆ. ನಾವು ದಿಂಬು ಸರಿಮಾಡಿಕೊಂಡು ಮತ್ತೆ ಮಲಗುತ್ತೇವೆ. ಮಗು ಮಾತ್ರ ಮಲಗುವಾಗ ಇದ್ದದ್ದು ಈಗಲೂ ಇದೆಯಾ ಅಂತ ತಡಕುತ್ತದೆ. ಅಮ್ಮನ ಕಿವಿ ಹಿಡಿದುಕೊಂಡು ಮಲಗಿದ ಮಗುವಿಗೆ ಕಿವಿ ಸಿಗದಿದ್ದರೆ ಪೂರ್ತಿ ಎಚ್ಚರ. ನೀವು ಅವಳಿಗೆ ನಿದ್ದೆ ಹತ್ತಿದ ಮೇಲೆ ಮೆಲ್ಲಗೆ ಜಾರಿ ಹೋಗಿ ಪಾತ್ರೆ ತೊಳೆಯುತ್ತೀರಾ? ಹಾಗಿದ್ದರೆ ಹೇಳಿಯೇ ಹೋಗಿ. ಎಚ್ಚರ ಇರುವಾಗಲೇ "ಪಾತ್ರೆ ತೊಳೆದು ಬರುತ್ತೇನೆ ಪುಟ್ಟಾ" ಅಂತ ಹೇಳಿ ಎದ್ದು, ಐದು ನಿಮಿಷಕ್ಕೆ ನಿಜವಾಗಿಯೂ ಬಂದು ತಟ್ಟಿ. ಆಮೇಲೆ ಹತ್ತು ನಿಮಿಷಕ್ಕೆ. ಹೇಳಿದರೆ ಬರುತ್ತಾಳೆ ಅನ್ನುವ ನಂಬಿಕೆ ಹುಟ್ಟಿದ ಮೇಲೆ ಕಿವಿ ಬೇಕಾಗುವುದಿಲ್ಲ.

ಪಕ್ಕದಲ್ಲಿ ಮಲಗಿಸಿಕೊಳ್ಳುವುದು ತಪ್ಪಾ ಅಂತ ತುಂಬ ಜನ ಕೇಳುತ್ತಾರೆ. ಈ ವಯಸ್ಸಿನ ಮಗುವಿಗೆ ಖಂಡಿತ ತಪ್ಪಲ್ಲ. ಬೇರೆ ಕೋಣೆಯಲ್ಲಿ ಅಳಲು ಬಿಟ್ಟು ಕಲಿಸಬೇಕು ಅನ್ನುವ ಸಲಹೆಗಳು ಪ್ರತಿ ಮಗುವಿಗೂ ಬೇರೆ ಕೋಣೆ ಇರುವ ಊರುಗಳಿಂದ ಬಂದವು. ಒಂದೇ ಹಾಸಿಗೆಯಲ್ಲಿ ಅಜ್ಜಿ, ಮೊಮ್ಮಗಳು ಮಲಗುವ ಮನೆಗೆ ಅವು ಬೇಕಾಗಿಲ್ಲ.

ಇನ್ನು ಕಿರುಚುವುದು. ನಿಮಗೆ ಎಷ್ಟು ಗಾಬರಿ ಆಗಿರಬಹುದು ಅಂತ ನನಗೆ ಗೊತ್ತು. ನನ್ನ ಮಗ ಐದು ವರ್ಷದವನಿದ್ದಾಗ ಒಂದು ರಾತ್ರಿ ಹೀಗೇ ಎದ್ದು ಕೂತ. ಕಣ್ಣು ಪೂರ್ತಿ ತೆರೆದಿದೆ, ಹಣೆಯ ಕೂದಲು ಬೆವರಿಗೆ ಅಂಟಿದೆ, ಎದೆ ಡಬಡಬ ಹೊಡೆದುಕೊಳ್ಳುತ್ತಿದೆ. ಅಪ್ಪಿಕೊಳ್ಳಲು ಹೋದರೆ ನನ್ನನ್ನೇ ತಳ್ಳಿದ. ಅಮ್ಮಾ ಅಂತ ಕೂಗುತ್ತಿದ್ದಾನೆ, ಅಮ್ಮ ಎದುರಿಗೇ ಇದ್ದಾಳೆ, ಕಾಣುತ್ತಿಲ್ಲ. ಮಕ್ಕಳ ಡಾಕ್ಟರಾಗಿದ್ದೂ ನನ್ನ ಕೈ ನಡುಗಿತು. ಐದಾರು ನಿಮಿಷಕ್ಕೆ ತಾನಾಗಿ ಹೊರಳಿ ಮಲಗಿದ. ಬೆಳಿಗ್ಗೆ ಏನೂ ನೆನಪಿಲ್ಲ, ಇಡ್ಲಿಗೆ ಸಕ್ಕರೆ ಬೇಕು ಅಂತ ಕೂತಿದ್ದ.

ಇದು ಕೆಟ್ಟ ಕನಸಲ್ಲ. ಕೆಟ್ಟ ಕನಸು ಬರುವುದು ಹೆಚ್ಚಾಗಿ ಬೆಳಗಿನ ಜಾವದ ಕಡೆ. ಆಗ ಮಗು ಪೂರ್ತಿ ಎಚ್ಚರವಾಗಿ ನಿಮ್ಮನ್ನು ಅಪ್ಪಿಕೊಂಡು ನಾಯಿ ಬಂತು, ಬಿದ್ದೆ ಅಂತ ಹೇಳುತ್ತದೆ. ನಿಮ್ಮ ಮಗಳಿಗೆ ಆಗುತ್ತಿರುವುದು ಮಲಗಿದ ಒಂದೆರಡು ಗಂಟೆಯೊಳಗೆ, ತುಂಬ ಗಾಢ ನಿದ್ದೆಯಿಂದ ಅರ್ಧ ಮಾತ್ರ ಮೇಲೆ ಬಂದಾಗ. ಮೈ ಎದ್ದಿರುತ್ತದೆ, ಮನಸ್ಸು ಎದ್ದಿರುವುದಿಲ್ಲ. ಅಲುಗಾಡಿಸಬೇಡಿ, ಮುಖಕ್ಕೆ ನೀರು ಹಾಕಬೇಡಿ, ಪ್ರಶ್ನೆ ಕೇಳಬೇಡಿ. ಬಿದ್ದು ಪೆಟ್ಟು ಮಾಡಿಕೊಳ್ಳದ ಹಾಗೆ ಪಕ್ಕದಲ್ಲಿ ಕೂತಿರಿ ಸಾಕು. ಬೆಳಿಗ್ಗೆ ಅದನ್ನು ಕೆದಕುವುದೂ ಬೇಡ. ನಿದ್ದೆ ಕಮ್ಮಿಯಾದಾಗ, ಜ್ವರ ಬಂದಾಗ, ಮೂತ್ರ ಕಟ್ಟಿದ್ದಾಗ ಇದು ಜಾಸ್ತಿ. ಕೆಲವು ಮನೆತನಗಳಲ್ಲಿ ಹರಿದು ಬರುತ್ತದೆ. ನಿಮ್ಮ ಯಜಮಾನರು ಚಿಕ್ಕಂದಿನಲ್ಲಿ ನಿದ್ದೆಯಲ್ಲಿ ನಡೆಯುತ್ತಿದ್ದರಾ ಅಂತ ಅತ್ತೆಯವರನ್ನೇ ಕೇಳಿ ನೋಡಿ. ರಾತ್ರಿಯ ನಿದ್ದೆ ಒಂಬತ್ತು ಗಂಟೆ ದಾಟಿದ ಮೇಲೆ ಬಹಳ ಮಕ್ಕಳಲ್ಲಿ ತಾನಾಗಿ ಇಳಿಯುತ್ತದೆ. ಅಜ್ಜಿ ದೃಷ್ಟಿ ತೆಗೆಯುತ್ತೇನೆ ಅಂದರೆ ತಡೆಯಬೇಡಿ. ಅದು ಅವರ ಪ್ರೀತಿ. ಉಪ್ಪು ಮೆಣಸಿನಕಾಯಿ ಒಲೆಗೆ ಹಾಕುವಾಗ ಹೊಗೆ ಮಾತ್ರ ಮಗುವಿನ ಮೂಗಿಗೆ ಬೇಡ. ಆದರೆ ಒಂದೇ ರಾತ್ರಿ ಹಲವು ಸಲ ಆದರೆ, ಕೈಕಾಲು ಒಂದೇ ಥರ ಜಗ್ಗಿದರೆ, ಬಾಯಿ ಸೊಟ್ಟಗಾದರೆ, ಹಗಲಲ್ಲೂ ಆದರೆ ಅದು ಫಿಟ್ಸ್ ಇರಬಹುದು. ತಡ ಮಾಡದೆ ತೋರಿಸಿ.

ಹೊತ್ತು ಹೊಂದಿಸಿದರೂ ಸರಿಹೋಗದ ಮಕ್ಕಳೂ ಇದ್ದಾರೆ. ಆಗ ನಾನು ಮೊದಲು ಕೇಳುವುದು ಗೊರಕೆ. ಮಕ್ಕಳ ಗೊರಕೆಯನ್ನು ನಮ್ಮಲ್ಲಿ ಮುದ್ದು ಅಂದುಕೊಳ್ಳುತ್ತಾರೆ, ತಾತನ ಥರಾನೇ ಅಂತ ನಗುತ್ತಾರೆ. ನೆಗಡಿ ಇಲ್ಲದ ದಿನವೂ, ವಾರಕ್ಕೆ ಮೂರು ರಾತ್ರಿಗಿಂತ ಜಾಸ್ತಿ ಗೊರಕೆ ಬಂದರೆ ಅದನ್ನು ಬಿಡಬಾರದು. ಮೂಗಿನ ಹಿಂದಿನ ಅಡಿನಾಯ್ಡ್, ಗಂಟಲಿನ ಟಾನ್ಸಿಲ್ ದಪ್ಪವಾಗಿ ದಾರಿ ಮುಚ್ಚಿರುತ್ತವೆ. ಎರಡರಿಂದ ಎಂಟು ವರ್ಷದಲ್ಲಿ ಇದು ಜಾಸ್ತಿ. ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿ ತನ್ನಿ ಅಂತ ಹೇಳುತ್ತೇನೆ. ಬನಿಯನ್ ಎತ್ತಿ, ಎದೆ ಕಾಣುವ ಹಾಗೆ. ಬಾಯಿ ತೆರೆದಿದೆಯಾ, ಕತ್ತು ಹಿಂದಕ್ಕೆ ಬಾಗಿದೆಯಾ, ಉಸಿರು ಎಳೆದಾಗ ಪಕ್ಕೆಯ ಕೆಳಗೆ ಗುಂಡಿ ಬೀಳುತ್ತದೆಯಾ, ನಡುವೆ ಸದ್ದು ನಿಂತು ಆಮೇಲೆ ಒಮ್ಮೆಲೇ ಗೊರ್ ಅಂತ ಏಳುತ್ತಾ? ಇಷ್ಟು ಕಂಡರೆ ಕಿವಿ ಮೂಗು ಗಂಟಲು ಡಾಕ್ಟರಿಗೆ ಕಳಿಸುತ್ತೇನೆ. ಇಂಥ ಮಕ್ಕಳು ಹಗಲು ದೊಡ್ಡವರ ಹಾಗೆ ತೂಕಡಿಸುವುದಿಲ್ಲ, ಒಂದು ಕಡೆ ಕೂರದೆ ಗಲಾಟೆ ಮಾಡುತ್ತಾರೆ. ತುಂಟ ಅನ್ನಿಸಿಕೊಂಡು ಸುಮ್ನೆ ಏಟು ತಿಂದ ಮಕ್ಕಳನ್ನು ನಾನು ನೋಡಿದ್ದೇನೆ.

ಎರಡನೆಯದು ಕಾಲು. ಮಲಗಿದರೆ ಕಾಲೊಳಗೆ ಇರುವೆ ಹರಿದ ಹಾಗೆ, ಒತ್ತು ಅಮ್ಮಾ ಅಂತ ಕೇಳುವ, ರಾತ್ರಿಯೆಲ್ಲ ಒದೆಯುವ ಮಕ್ಕಳು. ಬೆಳೆಯುವ ನೋವು ಅಂತ ಬಿಟ್ಟುಬಿಡುತ್ತಾರೆ. ಇವರಲ್ಲಿ ಹಲವರಿಗೆ ಮೈಯಲ್ಲಿ ಕಬ್ಬಿಣದ ಸಂಗ್ರಹ ಕಮ್ಮಿ ಇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತ ಕಮ್ಮಿ ಅಂತ ಬಂದಿತ್ತು. ಫೆರಿಟಿನ್ ಅನ್ನುವ ಒಂದು ರಕ್ತ ಪರೀಕ್ಷೆ ಸಾಕು. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ 50ಕ್ಕಿಂತ ಕೆಳಗಿದ್ದರೆ ಇಂಥ ಮಕ್ಕಳಿಗೆ ಕಬ್ಬಿಣ ಕೊಡುತ್ತೇವೆ. ನೀವಾಗಿ ಬಾಟಲಿ ತಂದು ಕೊಡಬೇಡಿ, ಹೆಚ್ಚಾದರೆ ಅದು ವಿಷ. ಸಂಜೆ ಅಜ್ಜಿಯ ಲೋಟದಿಂದ ಎರಡು ಗುಟುಕು ಕಾಫಿ, ಟೀ ಕುಡಿಸುವ ರೂಢಿ ಇದ್ದರೆ ಬಿಡಿಸಿ. ನಿದ್ದೆಯೂ ಕೆಡುತ್ತದೆ, ಊಟದ ಕಬ್ಬಿಣವೂ ಮೈಗೆ ಹತ್ತುವುದಿಲ್ಲ.

ಮೂರನೆಯದು ಕೆರೆತ. ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳ ಅಂತಾರೆ, ಅದಕ್ಕಿಂತ ನಂಬಬಹುದಾದ ಗುರುತು ರಾತ್ರಿ ಕುಂಡಿ ಕೆರೆಯುವುದು. ದಾರದ ಎಳೆಯಂಥ ಬಿಳಿ ಹುಳ ಮೊಟ್ಟೆ ಇಡಲು ಹೊರಗೆ ಬರುವುದು ಮಗು ಮಲಗಿದ ಮೇಲೆ. ಎರಡು ಮೂರು ಗಂಟೆ ಬಿಟ್ಟು ಟಾರ್ಚ್ ಹಾಕಿ ನೋಡಿದರೆ ಕಾಣಬಹುದು. ಫೆಬ್ರವರಿ 10, ಆಗಸ್ಟ್ 10ರ ಆಸುಪಾಸು ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ತಪ್ಪಿಸಬೇಡಿ. ಈ ಹುಳಕ್ಕೆ ಎರಡು ವಾರ ಬಿಟ್ಟು ಇನ್ನೊಂದು ಸಲ ಬೇಕು, ಮನೆಮಂದಿಗೆಲ್ಲ ಬೇಕು. ಎಷ್ಟು ಕೊಡಬೇಕು ಅಂತ ಡಾಕ್ಟರನ್ನು ಕೇಳಿ.

ಸಿರಪ್ ಕೇಳಿದ್ದಿರಿ. ಇಲ್ಲ, ಬೇಡ. ನೆಗಡಿ ಸಿರಪ್ ಕುಡಿದರೆ ಮಂಪರು ಬರುತ್ತದೆ, ಅದು ನಿದ್ದೆಯಲ್ಲ. ಕೆಲವು ಮಕ್ಕಳು ಅದರಿಂದ ಇನ್ನೂ ಕೆರಳುತ್ತಾರೆ. ಅಮೆರಿಕದಿಂದ ಬಂದ ನೆಂಟರು ಕೊಡುವ ಮೆಲಟೋನಿನ್ ಜೆಲ್ಲಿ ಮಿಠಾಯಿಯನ್ನೂ ಡಾಕ್ಟರು ಹೇಳದೆ ಕೊಡಬೇಡಿ. ಅದು ಹಾರ್ಮೋನು. ಗಸಗಸೆ ಅರೆದ ಹಾಲು ಚೆನ್ನಾಗಿ ನಿದ್ದೆ ಬರಿಸುತ್ತದೆ ಅಂತ ಯಾರಾದರೂ ಹೇಳಿದರೆ ಗಟ್ಟಿಯಾಗಿ ಬೇಡ ಅನ್ನಿ, ಕೂಸುಗಳಿಗಂತೂ ಪ್ರಾಣಕ್ಕೇ ಅಪಾಯ.

ಈ ಭಾನುವಾರ ಶುರು ಮಾಡಿ. ದಿನಾ ಕ್ಯಾಲೆಂಡರಿನ ಆ ತಾರೀಖಿನ ಚೌಕದಲ್ಲೇ ಮೂರು ಹೊತ್ತು ಬರೆಯಿರಿ: ಬೆಳಿಗ್ಗೆ ಎದ್ದದ್ದು, ಮಧ್ಯಾಹ್ನ ಮಲಗಿ ಎದ್ದದ್ದು, ರಾತ್ರಿ ಕಣ್ಣು ಮುಚ್ಚಿದ್ದು. ಕಿರುಚಿದ ರಾತ್ರಿಗೆ ಒಂದು ಚುಕ್ಕಿ ಇಡಿ. ನಾಲ್ಕು ವಾರ ಬಿಟ್ಟು ಆ ಹಾಳೆಯ ಫೋಟೋ ತೆಗೆದು, ಗೊರಕೆ ಇದ್ದರೆ ವಿಡಿಯೋ ಜೊತೆಗೆ, ನಿಮ್ಮ ಮಕ್ಕಳ ಡಾಕ್ಟರಿಗೆ ತೋರಿಸಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮಗುವಿನ ಮಧ್ಯಾಹ್ನಗಳು ಗೊತ್ತಿರುವುದು ಅವರಿಗೇ.